ಪ್ರಶ್ನೆಗೆ ಬೀಗ ಹಾಕಿದ ಉರ್ವೆ

ಫಿನ್‌ಲೆಂಡ್ ಪಕ್ಕದ ನಮ್ಮ ಪುಟ್ಟ ದೇಶದ ತಾರ್ತು ಊರಿನ ಗುಪ್ತಲಿಪಿ ಪಂಡಿತರಲ್ಲಿ ಪ್ರೊಫೆಸರ್ ಉರ್ವೆ ಲೂಯ್ಗಾಸ್ ಅವರದ್ದು ಒಂಥರಾ ವಿಚಿತ್ರ ಸ್ಥಾನ. ಮಿಕ್ಕೋರೆಲ್ಲ ಉತ್ತರಕ್ಕೆ ಬೀಗ ಹಾಕ್ತಾ ಕೂತಿದ್ರೆ, ಈ ಪುಣ್ಯಾತ್ಗಿತ್ತಿ ಪ್ರಶ್ನೆಗೇ ಬೀಗ ಹಾಕಿದ್ರು. ಕಂಪ್ಯೂಟರಿನ ಮಾಹಿತಿ ಭಂಡಾರದಿಂದ ನಮಗೆ ಬೇಕಾದ ಒಂದು ಸಾಲು ಓದ್ಕೋಬೇಕು, ಆದ್ರೆ ಯಾವ ಸಾಲು ಓದಿದ್ವಿ ಅಂತ ಭಂಡಾರಕ್ಕೇ ಗೊತ್ತಾಗಬಾರದು. ಇಷ್ಟೇ ಅವರ ಜೀವಮಾನದ ಕೆಲಸ. ತಮಾಷೆ ಏನಪ್ಪಾ ಅಂದ್ರೆ, ಇಡೀ ಊರಲ್ಲಿ ಅವರಷ್ಟು ಕುತೂಹಲದ ಹೆಂಗಸು ಇನ್ನೊಬ್ಬರಿಲ್ಲ. ಬಸ್ಸಲ್ಲಿ ಪಕ್ಕದೋರ ಬುಟ್ಟೀಲಿ ಯಾವ ಅಣಬೆ ಅಂತ ಬಗ್ಗಿ ನೋಡೋರು. ಅದೂ ಸಾಲದು ಅಂತ "ಎಲ್ಲಿ ಆರಿಸಿದ್ರಿ?" ಅಂತ ಬೇರೆ! ನಮ್ಮಲ್ಲಿ ಅಣಬೆ ಸಿಗೋ ಜಾಗ ಹೆತ್ತ ಮಕ್ಕಳಿಗೂ ಹೇಳಲ್ಲ ಕಣ್ರೀ.

ಪಾಠ ಹೇಳೋಕೆ ಶುರು ಮಾಡಿದ ಕಾಲದಿಂದ್ಲೂ ಅವರ ರೀತಿ ಒಂದೇ. ಶಿಷ್ಯರು ತಪ್ಪು ಲೆಕ್ಕ ತಂದ್ರೆ ಬಯ್ಯೋರಲ್ಲ. ಕಪ್ಪು ರೊಟ್ಟಿಗೆ ಬೆಣ್ಣೆ ಸವರಿ ಕೈಗೆ ಕೊಟ್ಟು, "ತಪ್ಪು ಚೆನ್ನಾಗಿದೆ, ಎಲ್ಲಿಂದ ಬಂತು ಹೇಳು" ಅನ್ನೋರು.

ಅವರ ಬದುಕಿನ ದೊಡ್ಡ ಕೆಲಸ ಶುರುವಾಗಿದ್ದು ಒಂದು ಫೋನಿಂದ. ಮಾಡಿದೋಳು ಒಂದು ದ್ವೀಪದ ಹಡಗುಕಟ್ಟೇಲಿ ಟಿಕೆಟ್ ಕೊಡೋ ಹೆಂಗಸು. ಸಾಲ್ಮೆ ಅಂತಿಟ್ಕೊಳ್ಳಿ. ಹೆಸರು, ಊರು, ಕೆಲಸ ಎಲ್ಲಾ ಬದಲಾಯಿಸಿದ್ದೀನಿ, ಹುಡುಕೋಕೆ ಹೋಗ್ಬೇಡಿ. ಅವಳ ತಮ್ಮ ದೋಣಿ ಹುಟ್ಟು ಹಾಕ್ತಾ ಹಾಕ್ತಾನೇ ಎದೆ ನಿಂತು ಸತ್ತಿದ್ದ. ಇವಳೂ ರಕ್ತ ಪರೀಕ್ಷೆ ಮಾಡಿಸಿದ್ಲು. ವಂಶವಾಹೀಲಿ ಒಂದು ಅಪರೂಪದ ಗುರುತು ಕಾಣಿಸ್ತು. ಅದು ಕೆಟ್ಟದ್ದಾದ್ರೆ ಜೀವನಪೂರ್ತಿ ಮಾತ್ರೆ, ಮತ್ತೆ ಕಾದ ಕಲ್ಲಿಗೆ ನೀರೆರಚಿ ಆವಿ ಎಬ್ಬಿಸೋ ನಮ್ಮ ಸೌನಾ ಸ್ನಾನದ ಕೋಣೆಗೆ ಕಾಲಿಡೋ ಹಾಗಿಲ್ಲ. ಒಳ್ಳೇದೋ ಕೆಟ್ಟದ್ದೋ ಅನ್ನೋದು ತಾರ್ತುವಿನ ಒಂದು ಭಂಡಾರದಲ್ಲಿತ್ತು. ಆದ್ರೆ ಆ ಗುರುತನ್ನ ಹುಡುಕಿದ್ರೇ ಸಾಕು, ಹುಡುಕಿದೋರ ಮೈಯಲ್ಲಿ ಅದಿದೆ ಅಂತ ಆಗೋಯ್ತಲ್ಲ!

"ಆ ಭಂಡಾರದಲ್ಲಿ ನನ್ನ ನಾದಿನಿ ಕೆಲಸ ಮಾಡೋದು ಪ್ರೊಫೆಸರ್," ಅಂದ್ಲು ಸಾಲ್ಮೆ. "ಅವಳಿಗೆ ಗೊತ್ತಾದ್ರೆ ಹಡಗು ದಡ ಸೇರೋಕೆ ಮುಂಚೆ ದ್ವೀಪಕ್ಕೆಲ್ಲ ಗೊತ್ತಾಗುತ್ತೆ. ಕೇಳಿದ್ದು ಯಾರಿಗೂ ಗೊತ್ತಾಗದ ಯಂತ್ರ ನೀವು ಮಾಡ್ತಿದ್ದೀರಂತಲ್ಲ, ಅದು ಬರೋವರೆಗೂ ನಾನು ಕೇಳೋಳಲ್ಲ."

"ಅಷ್ಟರಲ್ಲಿ ನಿನಗೇನಾದ್ರೂ ಆದ್ರೆ?"

"ಅದಕ್ಕೇ ಹೇಳ್ತಿರೋದು, ಬೇಗ ಮಾಡಿ."

ಉರ್ವೆ ಅವರು ಒಂದೇ ಭಂಡಾರದ ಎರಡು ಪ್ರತಿ ಮಾಡಿ, ಎರಡು ಊರಲ್ಲಿ, ಇಬ್ಬರ ಕೈಗಿಟ್ರು. ಒಬ್ಬನಿಗೆ ಕಂಡಕಂಡ ಸಾಲುಗಳನ್ನ ಕಲೆಸಿ ಕೊಡು ಅನ್ನೋದು. ಇನ್ನೊಬ್ಬನಿಗೂ ಅವೇ ಸಾಲುಗಳು, ನಮಗೆ ಬೇಕಾದ್ದೊಂದು ಮಾತ್ರ ಹೆಚ್ಚೋ ಕಮ್ಮಿಯೋ. ಎರಡನ್ನೂ ತಾಳೆ ಹಾಕಿದ್ರೆ ಬೇಕಾದ ಸಾಲು ಕೈಗೆ ಬಂತು. ಇಬ್ಬರಿಗೂ ತಲೆಬುಡ ಗೊತ್ತಾಗಲ್ಲ. ಒಂದೇ ಷರತ್ತು: ಅವರಿಬ್ಬರೂ ಸೇರಿ ಮಾತಾಡಬಾರದು. ಕಾಗದ ಪತ್ರ, ರುಜು, ಬೇರೆಬೇರೆ ಕಂಪನಿ, ಎಲ್ಲಾ ಪಕ್ಕಾ ಆಯ್ತು.

ಇನ್ನೇನು ಶುರು ಅನ್ನುವಾಗ, ಆ ಇಬ್ಬರಲ್ಲಿ ಒಬ್ಬನಾದ ಕಾಲ್ಯು ಶನಿವಾರದ ಸೌನಾಕ್ಕೆ ಉರ್ವೆ ಅವರನ್ನ ಕೆರೆ ಪಕ್ಕದ ತನ್ನ ಮನೆಗೆ ಕರೆದ. ಹೋಗಿ ನೋಡ್ತಾರೆ, ಜಗಲಿ ಮೇಲೆ ಟವೆಲ್ ಸುತ್ಕೊಂಡು, ಬೀಟ್‌ರೂಟಿನ ಹಾಗೆ ಕೆಂಪಗಾಗಿ, ಬಿಯರ್ ಹಿಡ್ಕೊಂಡು ಕೂತಿದ್ದಾನೆ ಇನ್ನೊಬ್ಬ, ಹೈಡೊ!

"ನೀನಿಲ್ಲಿ ಏನಯ್ಯಾ ಮಾಡ್ತಿದ್ದೀಯ?"

"ಪ್ರತಿ ಶನಿವಾರ ಬರ್ತೀನಲ್ಲ ಪ್ರೊಫೆಸರ್. ಚಿಕ್ಕಂದಿನಿಂದ್ಲೂ."

"ಇಬ್ರೂ ಮಾತಾಡಬಾರದು ಅಂತ ರುಜು ಹಾಕಿದ್ದೀರಲ್ರೋ!"

"ಅದು ಆಫೀಸಲ್ಲಿ," ಅಂದ ಕಾಲ್ಯು. "ಸೌನಾದಲ್ಲಿ ಸುಮ್ನೆ ಕೂತ್ರೆ ದೇವರು ಮೆಚ್ತಾನಾ?"

ಸೋಮವಾರ ಉರ್ವೆ ಅವರು ಎಲ್ಲಾ ನಿಲ್ಲಿಸಿದ್ರು. ಬೇರೆ ಯಾರಾದ್ರೂ ಆಗಿದ್ರೆ ಬಾಯಿಮುಚ್ಕೊಂಡು ಬಿರುದು ತಗೋತಿದ್ರು. ಇವರು ತಾವೇ ಸಾಲ್ಮೆಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ್ರು. ಅವಳು ನಕ್ಕಳಂತೆ. "ಇಷ್ಟು ಪುಟ್ಟ ದೇಶದಲ್ಲಿ ಗುರುತಿಲ್ಲದ ಇಬ್ಬರನ್ನ ಎಲ್ಲಿಂದ ತರ್ತೀರಿ?"

"ಒಂದು ಪ್ರತೀನ ಫಿನ್‌ಲೆಂಡಲ್ಲಿ ಇಟ್ಟರೆ?"

"ಅವರೇನು ಸೌನಾ ಬಿಟ್ಟೋರಾ ಪ್ರೊಫೆಸರ್? ನಾನು ಕಾಯ್ತೀನಿ ಬಿಡಿ." ನಗು ಅಲ್ಲಿಗೆ ನಿಂತಿತಂತೆ.

ಆಮೇಲಿಂದ ಉರ್ವೆ ಅವರು ಒಂದೇ ಭಂಡಾರ ಸಾಕು ಅಂತ ಹಟ ಹಿಡಿದ್ರು. ಪ್ರಶ್ನೆಯನ್ನ ಬೀಗ ಹಾಕಿ ಕಳಿಸೋದು. ಯಂತ್ರ ಬೀಗ ತೆಗೀದೇನೇ ಲೆಕ್ಕ ಮಾಡಿ, ಬೀಗದೊಳಗೇ ಉತ್ತರ ವಾಪಸ್ ಕೊಡೋದು. ಆದ್ರೆ ಯಂತ್ರ ಒಂದೂ ಬಿಡದೆ ಎಲ್ಲಾ ಸಾಲುಗಳ ಮೇಲೂ ಕೈಯಾಡಿಸಬೇಕು. ಒಂದನ್ನ ಬಿಟ್ರೂ 'ಇದಲ್ಲ' ಅಂತ ತಿಳಿದ್ಬಿಡುತ್ತಲ್ಲ! ಹಾಗಾಗಿ ಬಸವನಹುಳು ಇದ್ದ ಹಾಗೆ ತೆವಳ್ತಿತ್ತು. ದ್ವೀಪದ ಫೋನ್ ಬಂದಾಗಲೆಲ್ಲ, ಕೆಟ್ಟ ಸುದ್ದಿಯೇನೋ ಅಂತ ಉರ್ವೆ ಅವರು ಮಾಡ್ತಿದ್ದ ಲೆಕ್ಕ ಅಲ್ಲೇ ಬಿಟ್ಟು ಓಡೋರು.

ದಾರಿ ತೋರಿಸಿದ್ದೂ ಅದೇ ಹಾಳು ಸೌನಾ. ಒಂದು ಶನಿವಾರ ಉರ್ವೆ ಅವರು ಹೋದಾಗ ಕಾಲ್ಯು ಒಲೆಗೆ ಸೌದೆ ತುಂಬ್ತಿದ್ದ. "ಇಷ್ಟು ಬೇಗ ಯಾಕೋ? ಯಾರು ಬರ್ತಾರೆ?" ಅಂದ್ರು. "ಯಾರಾದ್ರೂ ಬರ್ಲಿ, ಕಲ್ಲು ಕಾಯೋಕೆ ಅವರ ಹೆಸರು ಬೇಕಾ?" ಅಂದ ಅವನು. ಉರ್ವೆ ಅವರು ಸ್ನಾನ ಬಿಟ್ಟು ಬಸ್ ಹತ್ತಿದ್ರು. ಯಂತ್ರದ ಹೆಚ್ಚುಪಾಲು ಕೆಲಸಕ್ಕೂ ಪ್ರಶ್ನೆ ಏನು ಅಂತ ಬೇಕಾಗೇ ಇಲ್ಲ! ಅದನ್ನ ಮೊದಲೇ ಮಾಡಿ, ಎಲ್ಲರಿಗೂ ಒಂದೇ ಸಮ ಹಂಚಿಟ್ರೆ ಆಯ್ತು. ಪ್ರಶ್ನೆ ಬಂದಾಗ ಕಾದ ಕಲ್ಲಿಗೆ ನೀರು ಎರಚಿದಷ್ಟೇ ಕೆಲಸ. ಮುಂದಿನ ವಸಂತದಲ್ಲಿ, ಕಾಫಿ ಬಗ್ಗಿಸೋಷ್ಟು ಹೊತ್ತಲ್ಲಿ ಸಾಲ್ಮೆಗೆ ಉತ್ತರ ಸಿಕ್ತು. ಏನು ಉತ್ತರ? ಅದು ಅವಳಿಗೊಬ್ಬಳಿಗೇ ಗೊತ್ತು.

ಮೊನ್ನೆ ನಿವೃತ್ತಿಯ ಊಟ ಕಾಲ್ಯು ಮನೇಲೇ ಆಯ್ತು. ಮನೆ ತುಂಬ ಜನ, ಮೇಜಿನ ಮೇಲೆ ಕ್ರಿಂಗೆಲ್ ಅನ್ನೋ ಆಳುದ್ದದ ಹೆಣೆದ ಸಿಹಿರೊಟ್ಟಿ. ಸಾಲ್ಮೆ ಹೊಗೆಗಿಟ್ಟ ಮೀನು ತಂದಿದ್ಲು. ಸೌನಾ ಕಾದಿತ್ತು, ಮೊದಲು ಹೆಂಗಸರು ಹೊರಟ್ರು. ಎಲ್ಲರ ಹಿಂದೆ ಸಾಲ್ಮೆ, ಅವಳ ಹಿಂದೆ ಉರ್ವೆ ಅವರು. ಇವಳು ಆ ಬಿಸಿಗೆ ಹೋಗ್ತಾಳೋ ಇಲ್ವೋ? ಬೇರೆಯವರಿಗೆ ಅದೇನೂ ಅಲ್ಲ. ಉರ್ವೆ ಅವರಿಗೆ ಅದೇ ಉತ್ತರ.

ಸಾಲ್ಮೆ ಬಾಗಿಲ ಹತ್ರ ತಿರುಗಿ ನೋಡಿದ್ಲು. "ತಡ್ಕೊಳ್ಳೋಕೆ ಆಗ್ತಿಲ್ಲ ಅಲ್ವಾ ಪ್ರೊಫೆಸರ್?"

"ಆಗ್ತಿಲ್ಲ ಕಣೇ," ಅಂದೋರೇ ಉರ್ವೆ ಅವರು ಬೆನ್ನು ತಿರುಗಿಸಿ, ಕೆರೆ ಕಡೆ ಮುಖ ಮಾಡಿ ನಿಂತ್ಬಿಟ್ರು. ಹಿಂದೆ ಬಾಗಿಲು ಬಡಿದ ಸದ್ದಾಯ್ತು. ಒಳಗಿಂದ ಹಾಕಿದ್ದೋ ಹೊರಗಿಂದ ಹಾಕಿದ್ದೋ, ಸದ್ದಿಂದ ಗೊತ್ತಾಗಲ್ಲ.

ದಿನಾ ಬದಲಾಗೋ ಭಂಡಾರಕ್ಕೆ ಈ ಬೀಗದ ಉಪಾಯವನ್ನ ಒಗ್ಗಿಸೋ ಕೆಲಸ ಇನ್ನೂ ಬಾಕಿ ಇದೆ, ಅದನ್ನ ಅವರೇ ಮಾಡ್ಬೇಕು. ಉರ್ವೆ ಅವರು ನೂರು ಕಾಲ ಬಾಳಲಿ. ಕಂಡೋರ ಅಣಬೆ ಬುಟ್ಟಿಗೆಲ್ಲ ಹೀಗೇ ಇಣುಕ್ತಾ ಇರಲಿ. ಇಣುಕಬಾರದ ಕಡೆ ಅವರ ಬೆನ್ನು ಹೀಗೇ ನೆಟ್ಟಗಿರಲಿ.