ಹದಿನಾಲ್ಕನೇ ಮಹಡಿಯ ಮುರಿದ ಮೋಡ

ಇಷ್ಟು ವರ್ಷ ಕೆಲಸ ನೆಟ್ಟಗೆ ಮಾಡಿದೆ, ಯಾರೂ ಬಹುಮಾನ ಕೊಡಲಿಲ್ಲ. ಒಂದೇ ಒಂದು ಸಲ ಸೊಟ್ಟಗೆ ಮಾಡಿದೆ, ಕನ್ನಡ ಸಂಘದವರು ವೇದಿಕೆಗೆ ಕರೆದು ಶಾಲು ಹೊದಿಸಿದರು.

ನಾನು ಗಾಜು ಕೂರಿಸುವವನು. ನ್ಯೂಯಾರ್ಕಿನ ಎದುರು ದಡದ ಜರ್ಸಿ ಸಿಟಿಯಲ್ಲಿ ನದಿಯುದ್ದಕ್ಕೂ ಏಳುತ್ತಿರುವ ಎತ್ತರದ ಕಟ್ಟಡಗಳಿಗೆ ಗಾಜಿನ ಹೊರಮೈ ತೊಡಿಸುವುದು ನಮ್ಮ ಗ್ಯಾಂಗಿನ ಕೆಲಸ. ಒಂದೊಂದು ಪ್ಯಾನೆಲ್ಲೂ ಒಂದು ಮಹಡಿಯಷ್ಟು ಎತ್ತರ. ಚೌಕಟ್ಟಿನ ಸಮೇತ ಕಾರ್ಖಾನೆಯಿಂದ ಬಂದದ್ದನ್ನು ಕ್ರೇನು ಮೇಲೆತ್ತುತ್ತದೆ. ನಾವು ಒಳಗಿನಿಂದ ಹಿಡಿದು, ನೆಲದ ಅಂಚಿನ ಕೊಂಡಿಗೆ ನೇತುಹಾಕಿ, ಬೋಲ್ಟು ತಿರುಗಿಸಿ ಅಕ್ಕಪಕ್ಕದವಕ್ಕೆ ಸಮ ಮಾಡುತ್ತೇವೆ. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಸಂಘದ ಪಾಟ್‌ಲಕ್‌ಗಳಲ್ಲಿ ಇಷ್ಟನ್ನು ಕೇಳುವ ವ್ಯವಧಾನ ಯಾರಿಗೂ ಇಲ್ಲ. “ಯಾವ ಟೆಕ್ನಾಲಜಿ ಸಾರ್?” ಎಂದು ಕೇಳುತ್ತಾರೆ. “ಗಾಜು” ಎಂದರೆ ತಮಾಷೆ ಮಾಡುತ್ತಿದ್ದೇನೆಂದು ನಕ್ಕು, ಬಿಸಿಬೇಳೆಬಾತಿನ ಪಾತ್ರೆಯತ್ತ ಸರಿಯುತ್ತಾರೆ.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮೈಸೂರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಸೇರಿದವನು ನಾನು. ಆಮೇಲೆ ದುಬೈ, ಆಮೇಲೆ ಅಕ್ಕನ ಸ್ಪಾನ್ಸರ್‌ಶಿಪ್ಪಿನಲ್ಲಿ ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಈ ಊರು. ಆ ಅಂಗಡಿಯಲ್ಲಿ ಕಲಿತ ಒಂದು ಪಾಠ ಇಂದಿಗೂ ಅನ್ನ ಹಾಕುತ್ತಿದೆ. ಕನ್ನಡಿ ನೆಟ್ಟಗಿದೆಯೇ ಎಂದು ತಿಳಿಯಲು ಕನ್ನಡಿಯನ್ನು ನೋಡಬಾರದು, ಅದರೊಳಗೆ ಕಾಣುವ ಎದುರು ಬಾಗಿಲನ್ನು ನೋಡಬೇಕು. ಬಾಗಿಲು ವಾಲಿದ್ದರೆ ಕನ್ನಡಿ ವಾಲಿದೆ. ಇಲ್ಲಿ ಎದುರಿಗೆ ಬಾಗಿಲಿನ ಬದಲು ಆಕಾಶ. ಪ್ಯಾನೆಲ್ಲಿನ ಒಂದು ಮೂಲೆ ಚೂರೇ ಚೂರು ಹೊರಗೆ ಬಂದಿದ್ದರೂ ಸಾಕು, ಅದರೊಳಗಿನ ಮೋಡ ಪಕ್ಕದ ಗಾಜಿನ ಮೋಡಕ್ಕೆ ಸೇರದೆ ಮೆಟ್ಟಿಲಿನಂತೆ ಮುರಿದು ಕಾಣುತ್ತದೆ. ಹಾಗಾಗಿ ದಿನಾ ಕೆಲಸ ಮುಗಿದ ಮೇಲೆ ರಸ್ತೆಯ ಆಚೆ ಬದಿಗೆ ಹೋಗಿ, ಅಂದು ಕೂರಿಸಿದ ಗಾಜಿನೊಳಗಿನ ಆಕಾಶದ ಫೋಟೋ ತೆಗೆಯುವುದು ನನ್ನ ಅಭ್ಯಾಸ.

“ಮಗಳ ಗ್ರ್ಯಾಜುಯೇಷನ್ನಿಂದು ನಾಕು ಫೋಟೋ ಇಲ್ಲ ನಿಮ್ಮ ಫೋನಲ್ಲಿ. ಬರೀ ಮೋಡ! ಮೋಡಕ್ಕೇನು ಫೀಸ್ ಕಟ್ಟಿದ್ರಾ?” ಎಂದು ಹೆಂಡತಿ ಆಗಾಗ ವಿಚಾರಿಸಿಕೊಳ್ಳುತ್ತಾಳೆ.

ಆ ಮೋಡಗಳಲ್ಲೊಂದನ್ನು ಮಗಳು ನನಗೆ ಹೇಳದೆ ಸಂಘದ ಸ್ಪರ್ಧೆಗೆ ಕಳಿಸಿಬಿಟ್ಟಿದ್ದಳು. “ನಮ್ಮ ನಗರ, ನಮ್ಮ ಆಕಾಶ” ಎಂಬುದು ವಿಷಯ. ಬಹುಮಾನ ಬಂದಿದೆ ಎಂಬ ಮೆಸೇಜು ನನ್ನ ಫೋನಿಗೆ ಬಂದಾಗ ಮಾತ್ರ, “ಅಪ್ಪಾ, ಡೋಂಟ್ ಬಿ ಮ್ಯಾಡ್. ಇಟ್ಸ್ ಅ ರಿಯಲಿ ಗುಡ್ ಪಿಕ್ಚರ್” ಎಂದಳು. ಕೋಪವೇಕೆ ಬರಬೇಕು? ಮೂರು ದಿನ ಕನ್ನಡಿಯೆದುರು ನಿಂತು ಭಾಷಣ ಅಭ್ಯಾಸ ಮಾಡಿದೆ.

ಶನಿವಾರ ಹತ್ತಿರದ ಎಡಿಸನ್ ಊರಿನ ಶಾಲೆಯೊಂದರ ಸಭಾಂಗಣದಲ್ಲಿ ರಾಜ್ಯೋತ್ಸವ. ತೀರ್ಪುಗಾರರು ಯಾವುದೋ ಬ್ಯಾಂಕಿನ ಐಟಿ ವಿಭಾಗದಲ್ಲಿದ್ದು, ವಾರಾಂತ್ಯಕ್ಕೆ ಹದ್ದುಗಳ ಬೆನ್ನು ಹತ್ತುವವರು. ಅವರ ಲೆನ್ಸು ನನ್ನ ಮೊಣಕೈಯಷ್ಟು ಉದ್ದವಿತ್ತು.

“ಸಾರ್, ಯಾವ ಕ್ಯಾಮರಾ?”

“ಫೋನು.”

“ಓ! ಮಿನಿಮಲಿಸ್ಟ್ ಅನ್ನಿ.” ಬಡತನಕ್ಕೆ ಹೀಗೂ ಒಂದು ಹೆಸರಿದೆ ಎಂದು ಅಂದು ತಿಳಿಯಿತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಗೋಡೆಯ ಬಳಿಗೆ ಕರೆದೊಯ್ದರು. ಅಲ್ಲಿ ನನ್ನ ಫೋಟೋವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ತೂಗುಹಾಕಿದ್ದರು.

“ನೋಡಿ, ಈ ಮೋಡ. ಎಷ್ಟು ಸಮಾಧಾನವಾಗಿ ಹರ್ಕೊಂಡು ಬಂದು ಇಲ್ಲಿ, ಇದೇ ಜಾಗದಲ್ಲಿ, ಟಕ್ ಅಂತ ಒಡೆದಿದೆ. ನನಗೆ ಇದು ವಲಸೆ ಬಂದವನ ಮನಸ್ಸು ಸಾರ್. ಅರ್ಧ ಅಲ್ಲಿ, ಅರ್ಧ ಇಲ್ಲಿ. ಹೇಗ್ ಹಿಡಿದ್ರಿ ಇದನ್ನ?”

ಅವರ ಬೆರಳಿನ ತುದಿಯನ್ನೇ ನೋಡುತ್ತ ನಿಂತೆ. ವಲಸಿಗನ ಮನಸ್ಸು ನನಗೆ ಕಾಣಿಸಲಿಲ್ಲ. ಹದಿನಾಲ್ಕನೇ ಮಹಡಿ, ನದಿಯ ಕಡೆಯ ಮೂಲೆಯಿಂದ ಆರನೇ ಪ್ಯಾನೆಲ್ಲು, ಎಡಗಡೆಯ ಬೋಲ್ಟು: ಅದು ಕಾಣಿಸಿತು. ಅದನ್ನು ಕೂರಿಸಿದವನು ನಾನೇ.

ಆ ದಿನ ಚೆನ್ನಾಗಿ ನೆನಪಿತ್ತು. ನಮ್ಮ ಗ್ಯಾಂಗಿನಲ್ಲಿ ಈಕ್ವಡಾರ್‌ನವನೊಬ್ಬನಿದ್ದಾನೆ. ಪ್ರತಿ ಪ್ಯಾನೆಲ್ಲಿಗೂ ಲೇಸರ್ ಹಿಡಿದು ಅಳೆಯುವುದು ಅವನ ಕೆಲಸ. ಅಂದು ಅವನು ಹತ್ತಿರ ಬಂದಾಗ, “ನಿನ್ನ ಲೇಸರ್ ಹೊಸಬರಿಗೆ ಇಟ್ಟುಕೋ, ನನಗೆ ನನ್ನ ಕಣ್ಣು ಸಾಕು” ಎಂದು ಎಲ್ಲರೆದುರು ಅಂದಿದ್ದೆ. ಎಲ್ಲರೂ ನಕ್ಕಿದ್ದರು. ಫೋರ್‌ಮನ್ ಕೂಡ, ನನ್ನ ಗಾಜನ್ನು ಅಳೆಯಬೇಕಿಲ್ಲ ಎಂದು ಅವನನ್ನು ಬೇರೆ ಕಡೆ ಕಳಿಸಿದ್ದ. ಸಂಜೆ ರೂಢಿಯಂತೆ ಫೋಟೋ ತೆಗೆದೆ, ನೋಡಿದೆ, ಮೆಚ್ಚಿದೆ, ರೈಲು ಹತ್ತಿದೆ. ತಪ್ಪು ಹುಡುಕಲೆಂದು ಶುರುವಾದ ಅಭ್ಯಾಸ ಯಾವತ್ತಿನಿಂದಲೋ ನನ್ನನ್ನು ನಾನೇ ಹೊಗಳಿಕೊಳ್ಳುವ ಅಭ್ಯಾಸವಾಗಿತ್ತು. ಅಂಗೈಯಗಲದ ಪರದೆಯಲ್ಲಿ ಮೋಡ ಚೆನ್ನಾಗಿಯೇ ಕಂಡಿತ್ತು.

ಅದು ಸಾಲದೆಂಬಂತೆ, ಬೋಲ್ಟುಗಳಿರುವ ನೆಲದ ಅಂಚನ್ನು ಮುಚ್ಚಿ ಸಿಮೆಂಟು ತುಂಬಲು ಬೇರೆ ಗ್ಯಾಂಗಿನವರು ಬರುವುದು ನಾಡಿದ್ದು ಸೋಮವಾರವೇ. ತುಂಬಿದ ಮೇಲೆ ಆ ಗಾಜು ಕಟ್ಟಡ ಇರುವಷ್ಟು ಕಾಲವೂ ಹಾಗೆಯೇ. ನದಿಯಾಚೆಯ ನ್ಯೂಯಾರ್ಕಿಗೆಲ್ಲ ನನ್ನ ಸೊಟ್ಟ ಕೈ ಕಾಣಬೇಕು.

ಅಷ್ಟರಲ್ಲಿ ವೇದಿಕೆಗೆ ಕರೆದರು. ಶಾಲು, ಹಾರ, ಮೈಕು. ಕಲಿತಿದ್ದ ಭಾಷಣ ಮರೆತೇ ಹೋಗಿತ್ತು.

“ಎಲ್ಲರಿಗೂ ನಮಸ್ಕಾರ. ಈ ಫೋಟೋದಲ್ಲಿ ಏನಾದರೂ ವಿಶೇಷ ಇದ್ರೆ, ಅದು ನನ್ನ ತಪ್ಪು. ಆ ಮೋಡ ಒಡೀಬಾರದಿತ್ತು. ಗಾಜು ನಾನು ಸರಿಯಾಗಿ ಕೂರಿಸಿಲ್ಲ” ಎಂದೆ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. “ಎಂಥ ವಿನಯ ನೋಡಿ!” ಎಂದರು ತೀರ್ಪುಗಾರರು ಇನ್ನೊಂದು ಮೈಕಿನಲ್ಲಿ. ಬಾಯಿಬಿಟ್ಟು ತಪ್ಪೊಪ್ಪಿಕೊಂಡರೂ ನಂಬದ ಜನರ ನಡುವೆ ನಿಂತಿದ್ದೆ.

ಮನೆಗೆ ಹೋಗುವಾಗ ಕಾರಿನಲ್ಲಿ ಮಗಳಿಗೆ ನಿಜ ಹೇಳಿದೆ. ಅವಳು, “ಸೋ ಟೆಲ್ ದೆಮ್, ಅಪ್ಪಾ. ಯುವರ್ ಬಾಸ್” ಎಂದಳು. ಕಾಲೇಜಿನಲ್ಲಿ ಇಷ್ಟು ಸುಲಭವಾಗಿ ಹೇಳಿಕೊಡುತ್ತಾರೆ. ಹೇಳಿದರೆ ಆಗುವುದೇನೆಂದು ಭಾನುವಾರವಿಡೀ ಲೆಕ್ಕ ಹಾಕಿದೆ. ಒಂದನ್ನು ಬಿಚ್ಚಿದರೆ ನಾನು ಕೂರಿಸಿದ್ದನ್ನೆಲ್ಲ ಅಳೆಯುತ್ತಾರೆ. ಅಳೆಯುವವನು ಅದೇ ಈಕ್ವಡಾರ್‌ನವನು, ಅದೇ ಲೇಸರು. ಹೇಳದಿದ್ದರೆ? ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದವರು ಶಾಲು ಹೊದಿಸುತ್ತಾರೆ.

ಸೋಮವಾರ ಬೆಳಿಗ್ಗೆ ಸಿಮೆಂಟಿನವರಿಗಿಂತ ಮೊದಲೇ ಸೈಟು ತಲುಪಿದೆ. ಕಂಕುಳಲ್ಲಿ ಸುರುಳಿ ಸುತ್ತಿದ ಬಹುಮಾನದ ಫೋಟೋ. ನಮ್ಮ ಫೋರ್‌ಮನ್ ಪೋರ್ಚುಗೀಸ್ ಮೂಲದವನು. ನಾವಿಬ್ಬರೂ ಆಡುವುದು ಇಂಗ್ಲಿಷಿಗೆ ದೂರದ ನೆಂಟನಾಗುವ ಒಂದು ಭಾಷೆ. ಫೋಟೋ ಬಿಡಿಸಿ ತೋರಿಸಿದೆ.

“ಚೆನ್ನಾಗಿದೆಯಲ್ಲ. ನಿನ್ನದಾ?” ಎಂದ.

“ಫೋಟೋನೂ ನಂದೇ, ಗಾಜೂ ನಂದೇ. ಇಲ್ಲಿ ನೋಡು.”

ನೋಡಿದ. ಅವನಿಗೆ ಭಾಷ್ಯ ಬೇಕಾಗಲಿಲ್ಲ. ಒಂದು ಬೈಗುಳ ಸಾಕಾಯಿತು. “ಗಾಜಿನ ಕೆಲಸ ನೋಡಿ ಇನ್‌ಸ್ಪೆಕ್ಟರು ಸಹಿ ಹಾಕಿಯಾಗಿದೆ. ಯಾವನು ತಲೆಯೆತ್ತಿ ನೋಡ್ತಾನೆ ಮಾರಾಯ? ಬಾಯಿ ಮುಚ್ಚಿಕೊಂಡು ಮೇಲೆ ಹೋಗಿ ಕೆಲಸ ನೋಡು.”

“ನಾನು ನೋಡ್ತೀನಲ್ಲ.”

“ಬಿಚ್ಚಿದರೆ ನೀನು ಗಾಜು ಕೂರಿಸಿದ ನಾಲ್ಕು ಮಹಡಿಯನ್ನೂ ಅಳೆಸಬೇಕಾಗುತ್ತೆ. ಗೊತ್ತಿದೆ ತಾನೆ?”

“ಗೊತ್ತು. ಆ ಲೇಸರಿನವನನ್ನೇ ಕರಿ.”

ಫೋರ್‌ಮನ್ ಸಿಮೆಂಟಿನವರನ್ನು ಒಂದು ದಿನ ತಡೆದ. ಆರನೇ ಪ್ಯಾನೆಲ್ಲಿನ ಬೋಲ್ಟಿನ ಹಿಂದೆ, ಕೂರಿಸುವಾಗ ಸಂದಿಗೆ ಕೊಟ್ಟು ಆಮೇಲೆ ತೆಗೆಯಬೇಕಿದ್ದ ಪ್ಲಾಸ್ಟಿಕ್ ತುಂಡೊಂದು ಹಾಗೇ ಸಿಕ್ಕಿಕೊಂಡಿತ್ತು. ನನ್ನ ಕಿರುಬೆರಳಿನ ಉಗುರಿಗಿಂತ ತೆಳ್ಳಗಿತ್ತು. ಅದನ್ನು ತೆಗೆದು ಬಿಗಿ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸಂಜೆಯವರೆಗೆ ಈಕ್ವಡಾರ್‌ನವನು ಮಹಡಿಯಿಂದ ಮಹಡಿಗೆ ನನ್ನ ಗಾಜುಗಳನ್ನು ಅಳೆಯುತ್ತ ಹೋದ, ನಾನು ಅವನ ಟ್ರೈಪಾಡು ಹೊತ್ತು ಹಿಂದೆ ನಡೆದೆ. ಪುಣ್ಯಾತ್ಮ ಒಂದು ಚುಚ್ಚುಮಾತು ಆಡಿದ್ದರೂ ನನಗೆ ಹಗುರವಾಗುತ್ತಿತ್ತು. ಪ್ರತಿ ಪ್ಯಾನೆಲ್ಲಿನ ಮುಂದೂ ಲೇಸರನ್ನು ಇಟ್ಟು, ನನ್ನ ಕಡೆ ತಿರುಗಿ, ‘ನೀನೇ ನೋಡು’ ಎಂಬಂತೆ ಸರಿದು ನಿಲ್ಲುತ್ತಿದ್ದ. ಹದಿನಾರನೇ ಮಹಡಿಯಲ್ಲಿ ಇನ್ನೊಂದು ಸಿಕ್ಕಿತು. ಅದನ್ನು ಯಾವ ಫೋಟೋವೂ ಹೇಳಿರಲಿಲ್ಲ. ಅದನ್ನೂ ಬಿಚ್ಚಿ ಕೂರಿಸಿದೆ. ಈ ಸಲ ನಾನೇ, “ಅಳೆದು ನೋಡು” ಎಂದು ಕೇಳಿಕೊಂಡೆ.

ಮರುದಿನ ಸಂಜೆ, ರಸ್ತೆಯ ಆಚೆ ಬದಿಯ ಅದೇ ಕಂಬಕ್ಕೆ ಒರಗಿ ಫೋಟೋ ತೆಗೆದೆ. ನಿಂತಲ್ಲೇ ಎರಡು ಬೆರಳಿನಿಂದ ಹಿಗ್ಗಿಸಿ ಒಂದೊಂದು ಸಂದನ್ನೂ ನೋಡಿದೆ. ಒಂದು ರೈಲು ತಪ್ಪಿತು.

ಆ ವಾರವೇ ತೀರ್ಪುಗಾರರ ಫೋನು ಬಂತು. ಸಂಘದ ಸ್ಮರಣ ಸಂಚಿಕೆಯ ಮುಖಪುಟಕ್ಕೆ ಬಹುಮಾನದ ಫೋಟೋ ಬೇಕಂತೆ. ಗಾಜು ಸರಿಪಡಿಸಿದ ಮೇಲೆ ತೆಗೆದ ಹೊಸದನ್ನು ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಅವರದೇ ಫೋನು.

“ಸಾರ್, ಬೇರೆ ಯಾವುದೋ ಕಳಿಸಿದ್ದೀರಿ ಅನ್ಸುತ್ತೆ. ಮೋಡ ಸುಮ್ನೆ ಈ ಕಡೆಯಿಂದ ಆ ಕಡೆಗೆ ಹೋಗಿದೆ ಅಷ್ಟೆ. ಇದರಲ್ಲಿ ಏನೂ ಇಲ್ವಲ್ಲ!”

“ಹೌದು ಸಾರ್, ಏನೂ ಇಲ್ಲ. ಅಷ್ಟು ಮಾಡೋಕೆ ಮೂರು ಜನಕ್ಕೆ ಒಂದು ದಿನ ಹಿಡೀತು” ಎಂದೆ.

ಅವರು ಹಳೆಯದನ್ನೇ ಅಚ್ಚು ಹಾಕಿದರು.