ಒಂದು ಕ್ಲಿಪ್ಪಿಗೆ ಎರಡು ಕೈ
ಕಂಪ್ಯೂಟರಿನ ಒಳಜೀವವಾದ ಕರ್ನಲ್ ಕೆಟ್ಟರೆ ರಿಪೇರಿ ಮಾಡುವ ಸೊಸೆಯನ್ನು ಅತ್ತೆ ಕರೆಯುವುದೇ ನಾಡಿವೈದ್ಯೆ ಎಂದು. ಯಂತ್ರ ಕುಸಿದುಬಿದ್ದರೆ ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ, ಇವಳು ಮಾತ್ರ “ಬಿತ್ತು ಅತ್ತೆ, ಮತ್ತೆ ಬಿತ್ತು!” ಎಂದು ಕುಣಿಯುತ್ತಾಳೆ; ಕಣ್ಣೆದುರು ಬಿದ್ದರಷ್ಟೇ ರೋಗ ಸಿಗುವುದಂತೆ. ಬಾಯಲ್ಲಿ ಬ್ರಷ್ಷು, ಕೈಯಲ್ಲಿ ಕುಸಿತದ ವರದಿ, ಕಾಲಲ್ಲಿ ಗಂಡನ ಚಪ್ಪಲಿ. ಈ ಸಲ ಕೆಟ್ಟದ್ದು ಆಸ್ಪತ್ರೆಯ ಯಂತ್ರ; ಸಂಜೆಯೊಳಗೆ ಸರಿಹೋಗದಿದ್ದರೆ ನಾಳೆ ಆಪರೇಷನ್ ಆಗಬೇಕಾದವರ ಸ್ಕ್ಯಾನುಗಳು ಸಿಗುವುದಿಲ್ಲ. ಅವಳು ಬಟ್ಟೆ ಕ್ಲಿಪ್ಪುಗಳನ್ನು ಹಿತ್ತಲ ತಂತಿಗೆ ಸಾಲಾಗಿ ಸಿಕ್ಕಿಸಿದಳು. “ಒಂದೊಂದೂ ಮಾಹಿತಿ ಕೂಡಿಡೋ ಡಿಸ್ಕಿಗೆ ಹೋಗೋ ಕೆಲಸ ಅಂದ್ಕೊಳ್ಳಿ. ನೀವೇ ಡಿಸ್ಕು, ನಾನು ಕರ್ನಲ್ಲು. ಮುಗಿದದ್ದನ್ನ ನೀವು ತೆಗೀರಿ, ತಡವಾದದ್ದನ್ನ ನಾನು ತೆಗೀತೀನಿ.” ಭುಜನೋವಿನ ಅತ್ತೆ ನಿಧಾನವಾಗಿ ಕೈ ಚಾಚಿದರು, ಅಷ್ಟರಲ್ಲಿ ಅದೇ ಕ್ಲಿಪ್ಪಿಗೆ ಅವಳ ಕೈಯೂ ಬಂತು. “ಒಂದಕ್ಕೇ ಇಬ್ಬರೂ ಕಿತ್ತಾಡಿದ್ರೆ ಮುರಿಯಲ್ವೇನೇ?” ಎಂದು ಅತ್ತೆ ಗದರಿದ್ದೇ ತಡ, “ಸಿಕ್ತು ಅತ್ತೇ! ಅಲ್ಲೂ ಒಂದೇ ಕೆಲಸಕ್ಕೆ ಇಬ್ಬರೂ ಕೈ ಹಾಕ್ತಿದಾರೆ!” ಎಂದು ಸೊಸೆ ಕಿರುಚಿ ಒಳಗೆ ಓಡಿದಳು. ಸಂಜೆಗೆ ಯಂತ್ರ ಎದ್ದು ನಿಂತಿತು. ತಿದ್ದಿದವರು ಲೋಕವೆಲ್ಲ ಓದುವಂತೆ ಟಿಪ್ಪಣಿ ಬರೆಯುವುದು ಆ ಕಸುಬಿನ ಪದ್ಧತಿ. ಇವಳು ಬರೆದಳು: “ಮೂರು ವರ್ಷದ ಹಿಂದೆ ಈ ಭಾಗ ಬರೆದವಳು ನಾನೇ, ತಪ್ಪು ನನ್ನದು.” ಅದರ ಕೆಳಗೆ, ‘ಕಂಡುಹಿಡಿದವರು’ ಎಂಬಲ್ಲಿದ್ದ ಹೆಸರನ್ನು ಅತ್ತೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಕೊಂಡರು, ಅದು ಅವರದೇ ಹೆಸರು.