ಎಣಿಸದೆ ಎತ್ತದ ಅಂಗೈ

ಈಗೆಲ್ಲ ಗ್ಯಾಸ್ ಉರಿಸಿ ಒಂದು ಟರ್ಬೈನ್ ತಿರುಗಿಸ್ತಾರಂತೆ, ಅದು ಬಿಟ್ಟ ಬಿಸಿಯಲ್ಲೇ ನೀರು ಕಾಯಿಸಿ ಆ ಉಗಿಯಿಂದ ಇನ್ನೊಂದು ತಿರುಗಿಸ್ತಾರಂತೆ. ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಆಚೆ ಬಯಲಲ್ಲಿ ನಾವು ಕಟ್ಟಿದ್ದು ಅದರಲ್ಲಿ ಅರ್ಧ ಮಾತ್ರ. ಒಂದು ಬಾಯ್ಲರು, ಒಂದು ಉಗಿ ಟರ್ಬೈನು, ಒಂದು ಕಾರ್ಖಾನೆಗೆ ಸಾಕಾಗೋವಷ್ಟು ಕರೆಂಟು. ಆ ಅರ್ಧಕ್ಕೇ ನಮ್ಮನೆಯವರ ಎರಡು ಕಿವಿ ಹೋದವು.

ನಾವು ಕಟ್ಟಿದ್ದು ಅಂತ ಸುಮ್ನೆ ಅಂದಿದ್ದಲ್ಲ. ಬಾಯ್ಲರಿನ ಒಳಗೋಡೆಗೆ ಬೆಂಕಿ ತಡೆಯೋ ಇಟ್ಟಿಗೆ ಹೊತ್ತೋಳು ನಾನು. ನಮ್ಮನೆಯವರು ಟರ್ಬೈನ್ ಫಿಟ್ಟರು. ಹೊಳಲ್ಕೆರೆ ಕಡೆಯವರು, ದಾವಣಗೆರೆ ಮಿಲ್ಲಲ್ಲಿ ಕೆಲಸ ಕಲಿತಿದ್ದರು. ಟರ್ಬೈನಿನ ಉದ್ದನೆ ಅಚ್ಚು ಕೂರೋ ಬೇರಿಂಗುಗಳನ್ನ ಕೂದಲೆಳೆಯಷ್ಟೂ ಆಚೀಚೆ ಆಗದಂಗೆ ಕೂರಿಸಿದ್ದು ಅವರೇ. ಮಿಷನ್ನು ಸರಿಯಾಗಿ ಓಡಿದ್ರೆ ಅವರನ್ನ ಕಾಯಂ ಮಾಡ್ತೀವಿ, ಹೆಂಚಿನ ಕ್ವಾರ್ಟರ್ಸು ಕೊಡ್ತೀವಿ ಅಂತ ಇಂಜಿನಿಯರು ಹೇಳಿದ್ದರು. ತಗಡಿನ ಶೆಡ್ಡಲ್ಲಿ ಎರಡು ಕೂಸು ಕಟ್ಟಿಕೊಂಡು ಬೇಸಿಗೆ ಕಳೆದೋಳಿಗೆ ಆ ಮಾತು ಎಷ್ಟು ದೊಡ್ಡದು ಅಂತ ಬೇರೆಯವರಿಗೆ ಗೊತ್ತಾಗಲ್ಲ ಬಿಡ್ರಿ. ದಿನಾ ಸಂಜೆ ಆ ಕ್ವಾರ್ಟರ್ಸಿನ ಮುಂದೇನೇ ಹಾದು ಬರ್ತಿದ್ದೆ. ಯಾವ ಮೂಲೇಲಿ ಒಲೆ ಹಾಕೋದು ಅಂತನೂ ನೋಡಿಟ್ಟಿದ್ದೆ.

ಬಾಯ್ಲರಿಂದ ಟರ್ಬೈನಿಗೆ ಹೋಗೋ ಪೈಪನ್ನ ಜೋಡಿಸೋಕೆ ಮುಂಚೆ ಅದರೊಳಗೆ ಜೋರಾಗಿ ಉಗಿ ಊದಿಸ್ತಾರೆ. ವೆಲ್ಡಿಂಗಿನ ಚೂರು ಒಂದು ಒಳಗೆ ಉಳಿದ್ರೂ ಟರ್ಬೈನಿನ ರೆಕ್ಕೆ ಮುರಿದಂಗೇ. ಪೈಪಿನ ಬಾಯಿಗೆ ಒಂದು ನುಣ್ಣನೆ ತಗಡು ಕಟ್ಟಿರ್ತಾರೆ. ಊದಿದ ಮೇಲೆ ಅದರ ಮೇಲೆ ಎಷ್ಟು ಚುಕ್ಕಿ ಬಿದ್ದವೆ ಅಂತ ನೋಡಿ, ಮತ್ತೆ ಊದೋದು. ಅಬ್ಬಬ್ಬಾ, ಆ ಸದ್ದು. ಮೈಲಿ ದೂರದ ಹೊಲದಲ್ಲಿ ಕುರಿ ಕಟ್ಟಿದ್ದೋರೂ ಮಂದೆ ಎಬ್ಬಿಸಿಕೊಂಡು ಹೋದರು. ತಗಡು ನೋಡೋ ಕೆಲಸ ನಮ್ಮನೆಯವರದು, ಅದಕ್ಕೆ ಅವರು ಹತ್ರದಲ್ಲೇ ನಿಲ್ಲಬೇಕಿತ್ತು. ಕಿವಿಗೆ ಏನಾದ್ರೂ ಕೊಡ್ರಿ ಅಂದ್ರೆ ಯಾರೂ ಕೊಡಲಿಲ್ಲ. ನಾನೇ ಕಂಬಳಿಯಿಂದ ಉಣ್ಣೆ ಕಿತ್ತು ಉಂಡೆ ಮಾಡಿ ತುರುಕಿ ಕಳಿಸ್ತಿದ್ದೆ. ಆ ಸದ್ದಿಗೆ ಉಣ್ಣೆ ಎಲ್ಲಿ ಸಾಕಾಗ್ತದೆ. ಊದೋ ಕೆಲಸ ಮುಗಿಯೋ ಹೊತ್ತಿಗೆ ಪಕ್ಕದಲ್ಲೇ ಕೂಸು ಅತ್ತರೂ ಅವರಿಗೆ ಎಚ್ಚರ ಆಗ್ತಿರಲಿಲ್ಲ.

ಗೊತ್ತಾದ್ರೆ ಕೆಲಸ ಹೋಗ್ತೈತೆ, ಯಾರಿಗೂ ಹೇಳಬೇಡ ಅಂದ್ರು ನಮ್ಮನೆಯವರು. ಬಾಯಿಗೆ ಬಂದಂಗೆ ಬೈದೆ, ಅದೂ ಅವರಿಗೆ ಕೇಳಲಿಲ್ಲ. ಬೈದು ಬೈದು ಸುಸ್ತಾಗಿ ಕೊನೆಗೆ ಕೈಸನ್ನೆ ಮಾಡಿದೆ.

ನಮ್ಮಪ್ಪನ ಮನೆ ಮತ್ತೋಡಿನ ಕಡೆ. ಕುರಿ ಕಾಯೋ ಮನೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿದ್ರೆ ಗಾಳಿ ಹೊತ್ಕೊಂಡು ಹೋಗ್ತೈತೆ ಅಂತ ನಮ್ಮಲ್ಲಿ ಕೈಸನ್ನೆ. ಹೆಗಲ ಮೇಲಿನ ವಲ್ಲಿ ಬಟ್ಟೆ ಬೀಸಿದ್ರೆ ಬಾ ಅಂತ. ಎರಡೂ ಕೈ ತಲೆ ಮೇಲೆ ಕತ್ತರಿ ಹಾಕಿದ್ರೆ ನಿಲ್ಲು, ಮಂದೆ ತಡಿ ಅಂತ. ಸಂಜೆ ರೊಪ್ಪಕ್ಕೆ ಕುರಿ ಹೊಡೆದು ಬಾಗಿಲ ಮುಳ್ಳು ಎಳೆದ ಮೇಲೆ ಅಂಗೈ ಬಿಚ್ಚಿ ಮೇಲೆತ್ತಿದ್ರೆ ಎಲ್ಲಾ ಅವೆ ಅಂತ. ಆ ಅಂಗೈ ಮಾತ್ರ ತಾನು ಎಣಿಸದೆ ಯಾರೂ ಎತ್ತಂಗಿಲ್ಲ. ನಮ್ಮಣ್ಣ ಒಂದ್ಸಲ ಎಣಿಸದೆ ಎತ್ತಿದ್ದ. ಕುರಿ ಒಂದೂ ಕಮ್ಮಿ ಇರಲಿಲ್ಲ, ಆದ್ರೂ ನಮ್ಮಪ್ಪ ಅವತ್ತು ಅವನ ತಟ್ಟೆಗೆ ಮುದ್ದೆ ಹಾಕಬೇಡ ಅಂದಿದ್ದ.

ಆ ಸನ್ನೆಗಳೆಲ್ಲ ನಮ್ಮನೆಯವರಿಗೆ ಕಲಿಸಿದೆ, ಹೊಸವೂ ಕೂಡಿಸಿದೆ. ಟರ್ಬೈನ್ ಹಾಲಿನ ಒಂದು ಕಡೆ ಗೋಡೆ ಇನ್ನೂ ಎದ್ದಿರಲಿಲ್ಲ. ಅಲ್ಲಿ ಇಟ್ಟಿಗೆ ರಾಶಿ ಹತ್ರ ನಾನು ಇರ್ತಿದ್ದೆ. ಮೇಸ್ತ್ರಿ ಹಿಂದಿನಿಂದ ಕರೆದ್ರೆ ನಾನು ಸೆರಗು ಕೊಡವ್ತಿದ್ದೆ, ಅವರು ತಿರುಗಿ ನೋಡ್ತಿದ್ರು. ಗಂಡನ ಮುಖ ನೋಡದೆ ಇವಳಿಗೆ ಇಟ್ಟಿಗೆ ಹೊರೋಕಾಗಲ್ಲ ಅಂತ ಹೆಂಗಸರು ಆಡಿಕೊಂಡು ನಗೋರು. ನಗಲಿ ಬಿಡು ಅಂತ ನಾನೂ ನಗ್ತಿದ್ದೆ. ಒಳಗೊಳಗೆ ಜೀವ ಕೈಯಲ್ಲಿ ಹಿಡ್ಕೊಂಡಿರ್ತಿದ್ದೆ.

ಟರ್ಬೈನನ್ನ ಮೊದಲ ಸಲ ತಿರುಗಿಸೋ ದಿನ ಬಂತು. ಅವತ್ತು ಸ್ವಲ್ಪ ಸ್ವಲ್ಪವೇ ಉಗಿ ಬಿಟ್ಟು ನಿಧಾನಕ್ಕೆ ತಿರುಗಿಸಿ, ಫಿಟ್ಟರು ಒಂದೊಂದು ಬೇರಿಂಗಿಗೂ ಕಬ್ಬಿಣದ ಸರಳಿನ ಒಂದು ತುದಿ ಮುಟ್ಟಿಸಿ, ಇನ್ನೊಂದು ತುದಿ ಕಿವಿಗೆ ಒತ್ತಿ ಕೇಳಬೇಕು. ಒಳಗೆ ಎಲ್ಲಾದ್ರೂ ಉಜ್ಜೋ ಸದ್ದಿದ್ರೆ ಸರಳಲ್ಲಿ ಗೊತ್ತಾಗ್ತೈತೆ. ಫಿಟ್ಟರು ಸರಿ ಐತೆ ಅಂದ್ರೆ ಮಾತ್ರ ವೇಗ ಏರಿಸ್ತಾರೆ. ಸುಳ್ಳು ಹೇಳಿ, ಒಳಗೆ ಉಜ್ಜಿ, ರೆಕ್ಕೆ ಮುರಿದು ಚಿಮ್ಮಿದ್ರೆ ಸುತ್ತ ನಿಂತೋರ ಗತಿ ಏನು. ಇದನ್ನೆಲ್ಲ ಹಿಂದಿನ ವಾರ ನಮ್ಮನೆಯವರೇ ನನಗೆ ಹೇಳಿದ್ದರು. ಹೇಳಿ, ಕೈಯಲ್ಲೇ ನಡುಕ ತಿಳೀತೈತೆ, ನಡೆಸಿಬಿಡ್ತೀನಿ ಅಂತಲೂ ಅಂದಿದ್ದರು. ನಾನು ಹೂಂ ಅಂದಿದ್ದೆ. ಕ್ವಾರ್ಟರ್ಸು ಬೇಕಿತ್ತಲ್ಲ.

ಪೂಜೆ ಆಯ್ತು, ಕಾಯಿ ಒಡೆದರು. ಮಿಷನ್ನು ಗುಂಯ್ ಅಂತ ತಿರುಗಿತು. ನಮ್ಮನೆಯವರು ಸರಳು ಕಿವಿಗೆ ಒತ್ತಿ ಬಗ್ಗಿ ನಿಂತರು. ಇಂಜಿನಿಯರು ಹೆಂಗೈತೆ ಅಂತ ಕೇಳಿದ್ದು ತುಟಿ ನೋಡಿಯೇ ನನಗೆ ತಿಳೀತು. ನಮ್ಮನೆಯವರು ತಲೆ ಎತ್ತಿ ನೇರ ನನ್ನ ಕಡೆ ನೋಡಿದರು.

ನನಗೇನು ತಿಳೀತೈತೆ? ಕೇಳ್ತಿದ್ದುದು ಬರೀ ಗುಂಯ್ ಅನ್ನೋದು. ಅಂಗೈ ಎತ್ತಿದ್ರೆ ಸಾಕು, ಸರಿ ಐತೆ ಸಾರ್ ಅಂತಾರೆ, ಸಂಜೆಗೆ ನಾವು ಕಾಯಂ. ಮಿಷನ್ನಿನ ಸುತ್ತ ನಿಂತಿದ್ದ ಹುಡುಗರಲ್ಲಿ ಒಬ್ಬ ಆ ಮುಂಜಾನೆ ನಮ್ಮ ಶೆಡ್ಡಲ್ಲೇ ರೊಟ್ಟಿ ತಿಂದು ಹೋಗಿದ್ದ. ಕೈ ಅರ್ಧಕ್ಕೆ ಎದ್ದೇಬಿಟ್ಟಿತ್ತು. ಎಣಿಸಿದೀಯಾ ಅಂತ ನಮ್ಮಪ್ಪ ಕೇಳಿದಂಗಾಯ್ತು. ಎರಡೂ ಕೈ ತಲೆ ಮೇಲೆ ಕತ್ತರಿ ಹಾಕಿದೆ.

ಅವರು ಸರಳು ಕೆಳಗಿಟ್ಟರು. ತಮ್ಮ ದನಿ ತಮಗೇ ಕೇಳ್ತಿರಲಿಲ್ಲ ನೋಡ್ರಿ, ಕೂಗಿಯೇ ಹೇಳಿದರು, ಹಾಲಿನಾಚೆ ಇದ್ದ ನನಗೂ ಕೇಳ್ತು.

"ಸಾರ್, ನನ್ನ ಕಿವಿ ಹೋಗೈತೆ. ಬೇರೆಯವ್ರನ್ನ ಕರೀರಿ."

ಉಗಿ ನಿಲ್ಲಿಸಿದರು. ಬೇರೆ ಫಿಟ್ಟರು ಬಂದು, ಮತ್ತೆ ತಿರುಗಿಸಿ, ಒಂದೊಂದೇ ಬೇರಿಂಗು ಕೇಳಿದ. ಏನೂ ತಪ್ಪಿರಲಿಲ್ಲ. ಎಲ್ಲೂ ಉಜ್ಜಿರಲಿಲ್ಲ. ನಮ್ಮನೆಯವರು ಕೂರಿಸಿದ್ದು ಕೂರಿಸಿದಂಗೇ ಇತ್ತು. ಸಂಜೆಗೆ ದೀಪ ಹತ್ತಿದವು, ಬೂಂದಿ ಹಂಚಿದರು. ಕಿವುಡನ್ನ ಮುಚ್ಚಿಟ್ಟು ಎಲ್ಲರ ಜೀವದ ಜೊತೆ ಆಟ ಆಡಿದ್ಯಲ್ಲಪ್ಪ ಅಂತ ಇಂಜಿನಿಯರು ಎಲ್ಲರ ಮುಂದೆ ಬೈದು, ನಾಳೆಯಿಂದ ಗೇಟು ಕಾಯಿ, ಇಲ್ಲಿ ಕೆಲಸ ಇದ್ದಷ್ಟು ದಿನ ಅಂದರು. ಆ ಕಿವಿ ಯಾರ ಪೈಪಿನ ಮುಂದೆ ಹೋಯ್ತು ಅಂತ ಕೇಳಬೇಕು ಅಂತ ನಾಲಗೆ ತುದಿಗೆ ಬಂತು. ಮುಂದೆ ಆ ಹೆಂಚಿನ ಮನೆಗೆ ಆ ಬೇರೆ ಫಿಟ್ಟರಿನ ಸಂಸಾರ ಬಂತು.

ಮಿಷನ್ನು ತಿರುಗಿಸಿದ ಆ ಸಂಜೆ ನಾನು ಉಳಿದ ಇಟ್ಟಿಗೆ ಹೊರ್ತಿದ್ದೆ. ಅವರ ಮುಖ ನೋಡೋಕೆ ನನಗೆ ಹೆದರಿಕೆ. ನಾನು ಅಂಗೈ ಎತ್ತಿದ್ರೆ ಏನೂ ಆಗ್ತಿರಲಿಲ್ಲ, ನಮ್ಮ ಬದುಕು ಒಂದು ನೆಲೆಗೆ ನಿಲ್ತಿತ್ತು ಅಂತ ಅದೊಂದೇ ತಲೇಲಿ ಕೊರೀತಿತ್ತು. ಪಾಳಿ ಬಿಟ್ಟು ಟರ್ಬೈನ್ ಹಾಲಿನೋರು ಒಬ್ಬೊಬ್ಬರೇ ಹೊರಗೆ ಬರ್ತಿದ್ದರು. ನಮ್ಮನೆಯವರು ಬಾಗಿಲ ಪಕ್ಕ, ಕೈಯಲ್ಲಿ ಬೂಂದಿ ಪೊಟ್ಟಣ ಹಿಡಿದು ನಿಂತಿದ್ದರು. ಯಾರೂ ಅವರನ್ನ ಮಾತಾಡಿಸಲಿಲ್ಲ. ಅವರ ತುಟಿ ಮಾತ್ರ ಆಡ್ತಿತ್ತು. ಬಂದೋರನ್ನೆಲ್ಲ ಎಣಿಸ್ತಿದ್ದರು, ಅದನ್ನ ನೋಡಿ ನಾನೂ ಎಣಿಸಿದೆ. ರೊಟ್ಟಿ ತಿಂದು ಹೋದ ಹುಡುಗ ಕೊನೆಗೆ ಬಂದ.

ಅವನು ದಾಟಿದ ಮೇಲೆ ನನ್ನ ಕಡೆ ತಿರುಗಿ ಅಂಗೈ ಬಿಚ್ಚಿ ಮೇಲೆತ್ತಿದರು. ನಾನು ಇಟ್ಟಿಗೆ ಕೆಳಗೆ ಹಾಕಿ, ಅಳ್ತಾ, ನನ್ನದೂ ಎತ್ತಿದೆ.